ಮನೆಯ ಎರಡು ಪಕ್ಷಗಳು ಒಂದಾದ ದಿನ

ಸಿಂದಗಿಯ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಅಪ್ಪನದು, ಇನ್ನೊಂದು ಕಾಕಾನದು. ಅಪ್ಪ ಹಿರಿಯ, ಕೋರ್ಟಿನಲ್ಲಿ ವಕೀಲ. ಕಾಕಾ ಅವನ ತಮ್ಮ, ಕನ್ನೊಳ್ಳಿಯ ಹೊಲವನ್ನೂ ಊರೊಳಗಿನ ಕಾಳುಕಡಿಯ ಅಡತಿ ಅಂಗಡಿಯನ್ನೂ ನೋಡಿಕೊಳ್ಳುತ್ತಿದ್ದ. ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದರು, ಒಂದೇ ಪಡಸಾಲೆಯಲ್ಲಿ ಕೂಡುತ್ತಿದ್ದರು, ಆದರೆ ಒಬ್ಬ ಓದಿದ ಪೇಪರನ್ನು ಇನ್ನೊಬ್ಬ ಮುಟ್ಟುತ್ತಿರಲಿಲ್ಲ. ದಿಲ್ಲಿಯಲ್ಲಿ ಸರ್ಕಾರಗಳು ಒಂದರ ಮೇಲೊಂದು ಬೀಳುತ್ತಿದ್ದ ಕಾಲ ಅದು. ಅಲ್ಲಿ ಒಂದು ಸರ್ಕಾರ ಬಿದ್ದರೆ ನಮ್ಮ ಮನೆಯಲ್ಲಿ ಎರಡು ದಿನ ಊಟದ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಪ್ಪನ ಬಾಯಲ್ಲಿ ಸದಾ ಸ್ವಾತಂತ್ರ್ಯ, ಸಮಾನತೆ, ವೈಚಾರಿಕತೆ. ಕಾಕಾನ ಬಾಯಲ್ಲಿ ಸಂಪ್ರದಾಯ, ಮನೆತನ, ಹಿರಿಯರು ಹಾಕಿಕೊಟ್ಟ ದಾರಿ. ಅಪ್ಪ ಕಾಕಾನಿಗೆ ‘ಹಳೇ ಪುರಾಣ’ ಅನ್ನುತ್ತಿದ್ದ, ಕಾಕಾ ಅಪ್ಪನಿಗೆ ‘ಭಾಷಣದ ಮಷೀನು’ ಅನ್ನುತ್ತಿದ್ದ. ಇಬ್ಬರ ನಡುವೆ ನನ್ನ ಆಯಿ, ಅಂದರೆ ಅವರನ್ನು ಹೆತ್ತವಳು, ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಚುನಾವಣೆ ಬಂದಾಗ ಇಬ್ಬರೂ ಅವಳನ್ನು ಓಲೈಸುತ್ತಿದ್ದರು. ಅವಳು ಯಾರಿಗೆ ಓಟು ಹಾಕಿದಳು ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ.

ಮುಂದೆ ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದೆ. ಸಂಪ್ರದಾಯವಾದ ಎಂದರೇನು, ಉದಾರವಾದ ಎಂದರೇನು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದೆ. ಪುಸ್ತಕದಲ್ಲಿ ಇವೆರಡೂ ಎದುರುಬದುರು ಕೂತ ಎರಡು ಪಕ್ಷಗಳು. ಹುಡುಗರು ಅದನ್ನೇ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ನನಗೆ ಮಾತ್ರ ಆ ಎರಡು ಶಬ್ದ ಬರೆಯುವಾಗೆಲ್ಲ ನೆನಪಿಗೆ ಬರುವುದು ನನ್ನ ಅತ್ತಿ, ಅಪ್ಪ ಮತ್ತು ಕಾಕಾನ ಒಬ್ಬಳೇ ತಂಗಿ.

ಅತ್ತಿಯನ್ನು ಇಂಡಿಗೆ ಕೊಟ್ಟಿದ್ದರು. ಗಂಡನ ಮನೆಯವರದು ನಿಂಬೆಯ ತೋಟ. ಮದುವೆಯಾಗಿ ಎರಡನೇ ವರ್ಷಕ್ಕೆ ಮಾವನಿಗೆ, ಅಂದರೆ ಅತ್ತಿಯ ಗಂಡನಿಗೆ, ಕಾಮಾಲೆ ಆಯಿತು. ಹಳ್ಳಿಯ ಔಷಧ ಮಾಡಿದರು, ದವಾಖಾನೆಗೆ ಒಯ್ಯುವುದು ತಡವಾಯಿತು, ಅವನು ಉಳಿಯಲಿಲ್ಲ. ಮಕ್ಕಳಿರಲಿಲ್ಲ. ಅತ್ತಿ ಒಂದು ಟ್ರಂಕು, ಒಂದು ಹೊಲಿಗೆ ಮಷೀನು ತಗೊಂಡು ತವರಿಗೆ ಬಂದಳು. ಆಗ ಅವಳಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದೆ. ಅವಳ ಹಾಸಿಗೆ ನನ್ನ ಹಾಸಿಗೆಯ ಪಕ್ಕಕ್ಕೆ ಬಂತು, ಮತ್ತು ನನಗೆ ಅವಳೇ ಗೆಳತಿಯಾದಳು. ಅವಳು ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ವಿಧವೆಯಾದ ಮೇಲೆ ಕಲಿತದ್ದಲ್ಲ ಅದು, ಮೊದಲಿಂದಲೂ ಹಾಗೇ.

ಅಣ್ಣಂದಿರು ಅವಳನ್ನು ಪ್ರೀತಿಸಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇಂಡಿಯಿಂದ ಅವಳನ್ನು ಕರೆತಂದ ದಿನ ಕಾಕಾ ದನದ ಕೊಟ್ಟಿಗೆಯಲ್ಲಿ ನಿಂತು ಅತ್ತದ್ದನ್ನು ನಾನು ಕಂಡಿದ್ದೇನೆ. ಅವಳ ಬಳೆ ತೆಗೆಯಬೇಕು, ಕುಂಕುಮ ಅಳಿಸಬೇಕು ಎಂದು ಬಂದ ಹೆಂಗಸರನ್ನು ಅಪ್ಪ ಅಂಗಳದಿಂದಲೇ ತಿರುಗಿಸಿ ಕಳಿಸಿದ್ದ. ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು.

ಅತ್ತಿ ಓಣಿಯ ಹೆಂಗಸರಿಗೆ ಜಂಪರು ಹೊಲಿಯಲು ಸುರು ಮಾಡಿದಳು. ಮಷೀನು ಹಳೆಯದು. ಆಲಮೇಲದಿಂದ ಒಬ್ಬ ಮಷೀನು ರಿಪೇರಿಯವನು ಸಂತೆಯ ದಿನ ಬಸ್ಸಿನಲ್ಲಿ ಬರುತ್ತಿದ್ದ. ಹೆಗಲಿಗೊಂದು ಚೀಲ, ಕೈಯಲ್ಲಿ ಎಣ್ಣೆಯ ಡಬ್ಬಿ. ಅವನ ಹೆಂಡತಿ ಬಾಣಂತಿತನದಲ್ಲಿ ಕೂಸಿನ ಜೊತೆಗೇ ತೀರಿಹೋಗಿದ್ದಳು, ಮನೆಯಲ್ಲಿ ತಾಯಿ ಒಬ್ಬಳೇ. ಅವನು ಪಡಸಾಲೆಯಲ್ಲಿ ಮಷೀನು ಬಿಚ್ಚುತ್ತಿದ್ದ, ಅತ್ತಿ ಒಳಬಾಗಿಲಿಗೆ ಆತು ನಿಂತಿರುತ್ತಿದ್ದಳು, ನಡುವೆ ಆಯಿ ಮತ್ತು ಆಯಿಯ ಶೇಂಗಾ. ಇಬ್ಬರ ಮಾತೂ ಸೂಜಿ, ದಾರ, ಬೆಲ್ಟಿನ ಆಚೆ ಹೋದದ್ದನ್ನು ನಾನು ಕೇಳಿಲ್ಲ. ಆದರೆ ಆ ಮಷೀನಿಗೆ ಎಲ್ಲಿಲ್ಲದ ರೋಗ ಬರತೊಡಗಿದವು. ಸಂತೆ ಹತ್ತಿರ ಬಂತೆಂದರೆ ಸಾಕು, ಒಮ್ಮೆ ದಾರ ಹರಿಯುತ್ತಿತ್ತು, ಒಮ್ಮೆ ಚಕ್ರ ಬಿಗಿಯುತ್ತಿತ್ತು.

“ಈ ಮಷೀನಿಗೆ ಸಂತಿ ದಿನಾನ ಜ್ವರ ಬರ್ತೈತಲ್ಲ, ಏನ್ ಮಾಯಾ ಇದು,” ಅಂದಳು ಆಯಿ ಒಂದು ದಿನ, ಶೇಂಗಾದಿಂದ ತಲೆ ಎತ್ತದೆ. ಅತ್ತಿಯ ಮುಖ ಕೆಂಪಗಾಯಿತು. ನಾನು ನಕ್ಕೆ. ಆಯಿ ನಗಲಿಲ್ಲ, ಆಗಲೇ ಅವಳು ಏನೋ ಲೆಕ್ಕ ಹಾಕುತ್ತಿದ್ದಳು.

ಕೆಲವು ವಾರ ಬಿಟ್ಟು ಆ ರಿಪೇರಿಯವನ ತಾಯಿ ಬಂದಳು. ಅಡುಗೆಮನೆಯಲ್ಲಿ ಆಯಿಯ ಎದುರು ಕೂತು ಬಹಳ ಹೊತ್ತು ಮಾತಾಡಿದಳು. ಅವಳು ಕೇಳಿದ್ದು ಉಡಕಿ. ಗಂಡ ಸತ್ತ ಹೆಣ್ಣನ್ನು ಮತ್ತೆ ಒಬ್ಬನಿಗೆ ಕೊಡುವ ನಮ್ಮ ಸೀಮೆಯ ಹಳೆಯ ಪದ್ಧತಿ ಅದು. ವಾಲಗ ಇಲ್ಲ, ಹಂದರ ಇಲ್ಲ. ದೀಪ ಹಚ್ಚಿದ ಮೇಲೆ ನಾಲ್ಕು ಮಂದಿ ಹಿರಿಯರು ಕೂಡುತ್ತಾರೆ. ಹೆಣ್ಣಿನ ಅಣ್ಣತಮ್ಮಂದಿರು ಎಲೆ ಅಡಿಕೆ ಕೊಟ್ಟು ಒಪ್ಪಿಸುತ್ತಾರೆ, ಗಂಡಿನವರು ಹೊಸ ಸೀರೆ ಉಡಿಸಿ ತಾಳಿ ಕಟ್ಟಿ ಕರೆದುಕೊಂಡು ಹೋಗುತ್ತಾರೆ. ಮುತ್ತೈದೆಯರು ಆ ಹೊತ್ತಿಗೆ ದೂರ ಇರುತ್ತಾರೆ. ಉಡಕಿಯಾದವಳನ್ನು ಮುಂದೆ ಯಾರ ಮನೆಯ ಆರತಿಗೂ ಕರೆಯುವುದಿಲ್ಲ. ಆದರೆ ಅವಳಿಗೆ ಒಂದು ಮನೆ ಇರುತ್ತದೆ, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರು ಇರುತ್ತದೆ.

ಆಕೆ ಹೋದ ಮೇಲೆ ಆಯಿ ಒಂದು ತಾಟಿನಲ್ಲಿ ಎಲೆ ಅಡಿಕೆ ಇಟ್ಟು ಅತ್ತಿಯ ಮುಂದೆ ಸರಿಸಿದಳು. ಇಂಥ ವಿಷಯಕ್ಕೆ ಬಾಯಿಬಿಟ್ಟು ಕೇಳುವುದು ಅವಳ ಕಾಲದ ರೀತಿಯಲ್ಲ. ಬೇಡವಾದರೆ ತಾಟನ್ನು ಹಿಂದೆ ಸರಿಸಬೇಕು. ಅತ್ತಿ ತಾಟನ್ನು ನೋಡುತ್ತ ಕೂತಳು. ಆಮೇಲೆ ಒಂದು ಅಡಿಕೆಯ ಹೋಳು ತೆಗೆದು ಬಾಯಲ್ಲಿ ಹಾಕಿಕೊಂಡಳು. ಆಯಿ ಕಣ್ಣು ಒರೆಸಿಕೊಂಡು ತಾಟು ಎತ್ತಿಟ್ಟಳು.

ಅವತ್ತು ಊಟಕ್ಕೆ ಕೂತಾಗ ಆಯಿ ಇಬ್ಬರು ಮಕ್ಕಳ ಮುಂದೆಯೂ ಮಾತು ತೆಗೆದಳು. ಕಾಕಾ ತುತ್ತನ್ನು ತಾಟಿಗೇ ಇಳಿಸಿದ.

“ನಮ್ಮ ಮನಿತನದಾಗ ಇಂಥಾದ್ದು ನಡದಿಲ್ಲ. ನಡಿಯೂದೂ ಇಲ್ಲ.”

“ನಡದೈತಿ,” ಅಂದಳು ಆಯಿ. “ನನ್ನ ಹಡದಾಕಿ ಉಡಕಿ ಆಗಿ ಬಂದಾಕಿ. ಮೊದಲನೇ ಗಂಡ ಸತ್ತ ಮ್ಯಾಲ ನಮ್ಮಪ್ಪಗ ಕೊಟ್ರು. ಹಂಗ ಕೊಟ್ಟಿದ್ದಕ್ಕ ನಾ ಹುಟ್ಟೇನಿ, ನೀವೂ ಹುಟ್ಟೀರಿ.”

ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಕಾಕಾನ ಮುಖ ಸಣ್ಣದಾಯಿತು. “ಅದು ಆಗಿನ ಕಾಲ ಬಿಡವ್ವಾ. ಈಗ ನಾಕು ಮಂದ್ಯಾಗ ತಲಿ ಎತ್ತಿ ತಿರಗಬೇಕು. ನಾಳೆ ನನ್ನ ಹೆಣ್ಣುಮಕ್ಕಳನ್ನ ಯಾರು ತಗೋತಾರ?” ಅಂದ. ಹಿರಿಯರು ಹಾಕಿಕೊಟ್ಟ ದಾರಿ ಎಂದು ದಿನಬೆಳಗಾದರೆ ಹೇಳುತ್ತಿದ್ದವನು ಅವನೇ. ಹಿರಿಯರು ನಿಜವಾಗಿಯೂ ನಡೆದ ದಾರಿಯನ್ನು ತಾಯಿ ತೋರಿಸಿದಾಗ ಅದು ‘ಆಗಿನ ಕಾಲ’ ಆಯಿತು.

ಅಪ್ಪನಿಗೆ ಖುಷಿಯೋ ಖುಷಿ. ತಂಗಿಯ ಮರುಮದುವೆ ಆಗಲೇಬೇಕು ಅಂದ. ಆದರೆ ಉಡಕಿ ಬೇಡ ಅಂದ. “ಕಳ್ಳತನಾ ಮಾಡೀದಂಗ ಕತ್ತಲಾಗ ಯಾಕ ಕಳಸೂದು? ಮುತ್ತೈದೆರು ಮುಖಾ ನೋಡಬಾರದು ಅಂದ್ರ ಏನರ್ಥ? ಆಗೂದಾದ್ರ ಹಂದರದ ಕೆಳಗ, ಹಗಲಿನ್ಯಾಗ, ಎಲ್ಲಾರ ಮುಂದ ಆಗಬೇಕು.” ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಇಂದಿಗೂ ಆಗಿಲ್ಲ. ಉಡಕಿಯಲ್ಲಿ ಹೆಣ್ಣಿಗೆ ಅವಮಾನ ಇರುವುದು ಖರೆ. ಆಯಿ ಮಾತ್ರ, “ಅಕಿಗೆ ಬೇಕಾಗಿದ್ದು ಸಂಸಾರ, ಹಾರ ತುರಾಯಿ ಅಲ್ಲಪಾ,” ಅಂದು ಎದ್ದು ಕೈ ತೊಳೆದಳು.

ಅತ್ತಿ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಇಬ್ಬರೂ ಅವಳ ಕೈಯಿಂದಲೇ ರೊಟ್ಟಿ ಹಾಕಿಸಿಕೊಂಡರು. ಇಬ್ಬರೂ ತಲೆ ಎತ್ತಿ, ನೀ ಏನಂತಿ ಅನ್ನಲಿಲ್ಲ.

ಆ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಲ್ಲಿ ಜಯಂತಿಯ ಕಾರ್ಯಕ್ರಮ. ಅಪ್ಪನ ಭಾಷಣ ಇತ್ತು. ಅತ್ತಿಯನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಹೆಂಗಸರ ಕಡೆ ಜಮಖಾನೆಯ ಮೇಲೆ ನಾವಿಬ್ಬರೂ ಕೂತೆವು. ಎಂಟುನೂರು ವರ್ಷಗಳ ಹಿಂದೆಯೇ ಹೆಣ್ಣಿಗೆ ಸಮಾನತೆ ಕೊಟ್ಟ ನೆಲ ಇದು ಎಂದು ಅಪ್ಪ ಸುರು ಮಾಡಿದ. ಚೆನ್ನಾಗಿ ಮಾತಾಡುತ್ತಿದ್ದ ನಮ್ಮಪ್ಪ, ಮಂದಿ ಕೆಮ್ಮುತ್ತಿರಲಿಲ್ಲ. ಮಾತು ಏರುತ್ತ ಹೋಗಿ, “ಹೇಳುವುದು ಸುಲಭ, ಮಾಡಿ ತೋರಿಸುವುದು ಕಷ್ಟ. ನಾನು ಮಾಡಿ ತೋರಿಸುತ್ತೇನೆ. ವಿಧವೆಯಾದ ನನ್ನ ಸ್ವಂತ ತಂಗಿಯ ಮರುಮದುವೆಯನ್ನು ಬರುವ ಸಾಮೂಹಿಕ ವಿವಾಹದ ವೇದಿಕೆಯ ಮೇಲೆ ನಿಮ್ಮೆಲ್ಲರ ಎದುರು ಮಾಡುತ್ತೇನೆ. ಆಕೆ ಇಲ್ಲೇ ಇದ್ದಾಳೆ,” ಅಂದ. ಆಮೇಲೆ ಹೆಂಗಸರ ಕಡೆ ತಿರುಗಿ, “ಎದ್ದು ನಿಂದ್ರು ತಂಗಿ,” ಅಂದ.

ಅತ್ತಿಗೆ ಇದರ ಒಂದಕ್ಷರವೂ ಗೊತ್ತಿರಲಿಲ್ಲ. ಅವಳು ನನ್ನ ಮುಂಗೈ ಹಿಡಿದಳು. ಸುತ್ತಲಿನ ಹೆಂಗಸರು “ಏಳವಾ, ಏಳವಾ” ಎಂದು ಬೆನ್ನು ತಟ್ಟಿ ಎಬ್ಬಿಸಿದರು. ಸೆರಗನ್ನು ಹಣೆಯವರೆಗೂ ಎಳೆದುಕೊಂಡು ನಿಂತಳು. ಚಪ್ಪಾಳೆ ಬಿದ್ದವು. ವೇದಿಕೆಯ ಮೇಲಿದ್ದ ದೊಡ್ಡವರು ಎದ್ದು ಅಪ್ಪನಿಗೆ ಶಾಲು ಹೊದಿಸಿದರು. ಚಪ್ಪಾಳೆ ನಿಲ್ಲುವವರೆಗೂ ಅತ್ತಿ ನಿಂತೇ ಇದ್ದಳು, ಕೂಡಲು ಯಾರೂ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಶಾಲನ್ನು ಮಡಚಿ ಅವಳ ತೊಡೆಯ ಮೇಲಿಟ್ಟು, “ಇದು ನಿನ್ನದು,” ಅಂದ. ಅವನ ಕಣ್ಣು ತುಂಬಿದ್ದವು. ಸುಳ್ಳು ಕಣ್ಣೀರಲ್ಲ ಅವು.

ಸುದ್ದಿ ನಮಗಿಂತ ಮೊದಲು ಆಲಮೇಲಕ್ಕೆ ಮುಟ್ಟಿತ್ತು. ವಾರದೊಳಗೆ ಆ ತಾಯಿ ಮತ್ತೆ ಬಂದಳು. ಈ ಸಲ ಅಡುಗೆಮನೆಗೆ ಹೋಗಲಿಲ್ಲ, ಪಡಸಾಲೆಯ ಅಂಚಿನಲ್ಲೇ ಕೂತಳು.

“ನಾವು ಹಂಗ ಮಂದಿ ಮುಂದ ನಿಂದ್ರೂ ಪೈಕಿ ಅಲ್ರಿ ಸಾಹೇಬ್ರ. ಮಗ ಅಂಜ್ಯಾನ. ಊರಾಗ ಆಗಲೇ ಮಂದಿ ನಗಾಕತ್ತಾರ, ವಿಧವಿ ಲಗ್ನದ ಮದಿಮಗ ಅಂತ ಕರ್ಯಾಕತ್ತಾರ. ಹುಡುಗಿ ಮ್ಯಾಲ ಅವನ ಮನಸು ಐತ್ರಿ. ನಾಕು ಮಂದಿ ಕೂಡ್ರೂಣು. ನೀವಿಬ್ರೂ ಅಣ್ಣಗೋಳು ಎಲಿ ಕೊಡ್ರಿ. ಅಷ್ಟ ಸಾಕ್ರಿ.”

ಅಪ್ಪ ಮೃದುವಾಗಿಯೇ ಹೇಳಿದ: “ಇಲ್ಲವಾ. ಸಾವಿರಾರು ಮಂದಿ ಮುಂದ ಹೇಳಿ ಬಂದೇನಿ. ಈಗ ಕತ್ತಲಾಗ ಮಾಡಿ ಕಳಿಸಿದ್ರ ನನ್ನ ಮಾತಿಗೆ ಏನ ಕಿಮ್ಮತ್ತು ಉಳಿತೈತಿ? ಆದ್ರ ವೇದಿಕಿ ಮ್ಯಾಲ, ಇಲ್ಲಾಂದ್ರ ಇಲ್ಲ.”

ಕಾಕಾ ಹೇಳಿದ: “ವೇದಿಕಿ ಮ್ಯಾಲೂ ಇಲ್ಲ, ಕೆಳಗೂ ಇಲ್ಲ. ನಾ ಎಲಿ ಕೊಡಂಗಿಲ್ಲ.”

ಆಕೆ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡಿದಳು. ಅಪ್ಪ ತಮ್ಮನ ಕಡೆ ತಿರುಗಿ, “ಹಂಗಾರ ಸದ್ಯಕ್ಕ ಬಿಡೂದ ಛಲೋ,” ಅಂದ. “ಬಿಡೂದ ಛಲೋ,” ಅಂದ ಕಾಕಾ. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಇಬ್ಬರೂ ಒಂದು ಮಾತಿಗೆ ಸೈ ಅಂದದ್ದು ಅದೇ ಮೊದಲು. ಆ ಮನೆಯಲ್ಲಿ ಸರ್ವಾನುಮತದಿಂದ ಪಾಸಾದ ಒಂದೇ ಒಂದು ಠರಾವು ಅದು.

ಆಯಿ ಒಬ್ಬಳೇ ಬಸ್ಸು ಹತ್ತಿ ಆಲಮೇಲಕ್ಕೆ ಹೋಗಿ ಬಂದಳು. ಹುಡುಗ ಒಂದು ವರ್ಷ ಕಾಯುತ್ತೇನೆ ಅಂದನಂತೆ. ಕಾದ ಕೂಡ. ಆ ವರ್ಷವೆಲ್ಲ ಆಯಿ ಒಮ್ಮೆ ಈ ಮಗನ ಕಾಲಿಗೆ, ಒಮ್ಮೆ ಆ ಮಗನ ಕಾಲಿಗೆ ಬಿದ್ದಳು. ಒಬ್ಬ ತತ್ವ ಎಂದ, ಒಬ್ಬ ಮನೆತನ ಎಂದ. ಆಮೇಲೆ ಆ ಹುಡುಗ ಕಲಬುರ್ಗಿಯ ಕಡೆ ಲಗ್ನವಾಗಿ ಅತ್ತಲೇ ಹೋಗಿಬಿಟ್ಟ. ಸುದ್ದಿ ತಂದವರಿಗೆ ಅತ್ತಿ ಚಹಾ ಮಾಡಿ ಕೊಟ್ಟಳು. ಆ ಮಷೀನು ಮುಂದೆ ಒಂದು ದಿನವೂ ಕೆಡಲಿಲ್ಲ.

ನನ್ನ ಹುಚ್ಚು ವಯಸ್ಸು, ನಾನು ಅವಳ ಮೇಲೇ ರೇಗಿದ್ದೆ. ನೀನೇ ಯಾಕ ಎದ್ದು ಹೋಗಲಿಲ್ಲ ಎಂದು ಕೇಳಿದೆ. ಅತ್ತಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ, “ಅಣ್ಣಗೋಳು ಕೊಡದಿದ್ದಾಗ ಹೋದ್ರ ಅದು ಓಡಿಹೋಗೂದು ಆಗತೈತಿ. ನಾ ಓಡಿಹೋಗೂ ಅಂಥಾದ್ದು ಏನ್ ಮಾಡೇನಿ?” ಅಂದಳು.

ಅಣ್ಣಂದಿರು ತಮ್ಮತಮ್ಮ ಕೈಲಾದಷ್ಟು ಅವಳಿಗೆ ಮಾಡಿದರು. ಅಪ್ಪ ಸ್ತ್ರೀ ಸ್ವಾತಂತ್ರ್ಯದ ಪುಸ್ತಕ ತಂದುಕೊಟ್ಟ, ಹತ್ತನೇ ಪರೀಕ್ಷೆಗೆ ಕಟ್ಟಿಸಿದ. ಕಾಕಾ ಪ್ರತಿವರ್ಷ ಅವಳನ್ನು ಲಚ್ಯಾಣದ ಮಠಕ್ಕೆ ಕರೆದುಕೊಂಡು ಹೋದ, ಜಪಮಾಲೆ ತಂದುಕೊಟ್ಟ. ಅತ್ತಿ ಪುಸ್ತಕ ಓದಿದಳು, ಮಾಲೆ ಎಣಿಸಿದಳು. ಕಾಕಾನ ಇಬ್ಬರು ಹೆಣ್ಣುಮಕ್ಕಳ ಲಗ್ನಗಳ ಜಂಪರುಗಳನ್ನೆಲ್ಲ ಅವಳೇ ಹೊಲಿದಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಎರಡೂ ಸಲ ಅಡುಗೆಮನೆಯಲ್ಲಿದ್ದಳು. ಆರತಿಗೆ ಅವಳನ್ನು ಯಾರೂ ಕರೆಯಲಿಲ್ಲ. ಉಡಕಿಯಾಗಿದ್ದರೂ ಅಷ್ಟೇ ಆಗುತ್ತಿತ್ತು, ಗಂಡನೊಬ್ಬ ಹೆಚ್ಚಿಗೆ ಇರುತ್ತಿದ್ದ.

ಮುಂದೆ ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಆಯಿ ತೀರಿಹೋಗಿ ವರ್ಷಗಳಾಗಿದ್ದವು. ನಾನು ರಜೆಗೆ ಬಂದಿದ್ದೆ. ಬೆಳಿಗ್ಗೆ ಅತ್ತಿ ಹೊಲಿಯುತ್ತ ಕೂತಾಗ ಮೊದಲು ಅಪ್ಪ ಬಂದ. ಪ್ರಗತಿಪರ ಮನೆಯ ವಿದ್ಯಾವಂತ ಮಹಿಳೆ, ನಮ್ಮ ಪಕ್ಷದಿಂದ ನೀನೇ ನಿಲ್ಲಬೇಕು ಅಂದ. ಅವನ ಮಾತು ಮುಗಿಯುವ ಮೊದಲೇ ಕಾಕಾ ಬಂದ. ಸಂಸ್ಕಾರವಂತ ಮನೆಯ ಹೆಣ್ಣುಮಗಳು, ತವರಿನ ಮಾನ ಕಾಯ್ದುಕೊಂಡು ಬಂದವಳು, ನಮ್ಮ ಕಡೆಯಿಂದ ನೀನೇ ಅಂದ. ಒಬ್ಬಳೇ ತಂಗಿ ಎರಡು ಪಕ್ಷಕ್ಕೂ ತಕ್ಕ ಅಭ್ಯರ್ಥಿಯಾಗಿದ್ದಳು. ಅತ್ತಿ ಚಕ್ರದ ಮೇಲೆ ಕೈಯಿಟ್ಟು ಮಷೀನು ನಿಲ್ಲಿಸಿದಳು.

“ನೀವಿಬ್ರೂ ಒಂದು ಮಾತಿಗೆ ಬಂದಿದ್ದು ಒಮ್ಮಿ ನೋಡೇನಿ. ಇನ್ನೊಮ್ಮಿ ಬ್ಯಾಡ ಅಣ್ಣಾ,” ಅಂದು ಮತ್ತೆ ಹೊಲಿಯತೊಡಗಿದಳು. ಅವರಿಗೆ ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು.

ಅತ್ತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದದ್ದು ತಡವಾಗಿ. ಅವಳು ಯಾರಿಗೂ ಹೇಳಿರಲಿಲ್ಲ. ಬಿಜಾಪುರದ ಒಂದು ದವಾಖಾನೆಯಲ್ಲಿ ಇಟ್ಟಿದ್ದರು, ನಾನು ಮುದ್ದೇಬಿಹಾಳದಿಂದ ರಜೆ ಹಾಕಿ ಬಂದಿದ್ದೆ. ಮಧ್ಯಾಹ್ನ ಅವಳ ಮಂಚದ ಪಕ್ಕ ಕೂತು ಮರುವಾರದ ಪಾಠದ ಪುಸ್ತಕ ತಿರುವುತ್ತಿದ್ದೆ. ಕಿಟಕಿಯ ಕೆಳಗೆ ಚಹಾದಂಗಡಿಯಲ್ಲಿ ಅಪ್ಪ ಮತ್ತು ಕಾಕಾ ಯಾವುದೋ ಸರ್ಕಾರದ ಬಗ್ಗೆ ಜಗಳಾಡುವುದು ಮೇಲಿನವರೆಗೂ ಕೇಳಿಸುತ್ತಿತ್ತು.

“ಏನ್ ಪಾಠ ಅದು?” ಅಂದಳು ಅತ್ತಿ.

ಹೇಳಿದೆ. ಹಾಗಂದರೇನು ಅಂದಳು. ಅವಳಿಗೆ ತಿಳಿಯುವ ಹಾಗೆ ಹೇಳಬೇಕೆಂದು ನಾನು ಮೊದಲ ಸಲ ಪುಸ್ತಕ ಬಿಟ್ಟು ಯೋಚನೆ ಮಾಡಿದೆ. “ಸಂಪ್ರದಾಯವಾದ ಅಂದ್ರ, ನಮ್ಮಕಿಂತ ಮೊದಲಿದ್ದವರೂ ಅತ್ತು ಕರದು ಬಾಳ್ಯಾರ, ಅದಕ್ಕ ಅವರು ಮಾಡಿಟ್ಟ ದಾರಿ ಸುಮ್ಮನ ಮುಚ್ಚಬಾರದು ಅನ್ನೂದು. ಉದಾರವಾದ ಅಂದ್ರ, ಒಬ್ಬರ ಬಾಳೇವು ಅವರದು, ನಮಗ ಸೇರಲಿ ಬಿಡಲಿ, ಅವರಿಗೆ ಬೇಕಾದಂಗ ಬಾಳಾಕ ಬಿಡಬೇಕು ಅನ್ನೂದು.”

“ಹಂಗಾರ ನಮ್ಮನ್ಯಾಗ ಎರಡೂ ಇರಲಿಲ್ಲ ಬಿಡು,” ಅಂದಳು ಅತ್ತಿ. “ಅವ್ವ ತೋರಿಸಿದ ದಾರಿ ಸಣ್ಣಣ್ಣ ಮುಚ್ಚಿದ. ನನ್ನ ಬಾಳೇವು ದೊಡ್ಡಣ್ಣ ತನ್ನದು ಮಾಡಿಕೊಂಡ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅವತ್ತು ಅವರು ನಿನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿಬಿಟ್ಟೆ. ಅಷ್ಟು ವರ್ಷ ಜೊತೆಗೆ ಮಲಗಿ ಎದ್ದರೂ ನಾನೂ ಅದನ್ನು ಕೇಳಿರಲಿಲ್ಲ.

“ಹೂಂ ಅಂತಿದ್ದೆ,” ಅಂದಳು. “ಕತ್ತಲಾಗ ಅಂದ್ರೂ ಹೂಂ, ಬೆಳಕಿನ್ಯಾಗ ಅಂದ್ರೂ ಹೂಂ. ವೇದಿಕಿ ಮ್ಯಾಲ ಅಂದಿದ್ರೂ ಅಂಜಿಕೋತ ಹೋಗಿ ನಿಂದ್ರತಿದ್ದೆ. ಅಂವಗೂ ಒಪ್ಪಿಸತಿದ್ದೆ. ಅಣ್ಣಗೋಳು ನನಗ ಕೇಳತಾರ ಅಂತ ಆ ವರ್ಷೆಲ್ಲಾ ಕಾದೆ. ದಿನಾ ರೊಟ್ಟಿ ಹಾಕೂವಾಗ ಈಗ ಕೇಳತಾರ, ಈಗ ಕೇಳತಾರ ಅಂತಿದ್ದೆ.”

ಕೆಳಗಿನ ಜಗಳ ಮುಗಿದಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದವು. ಅಪ್ಪ ಎಳನೀರು ಹಿಡಿದುಕೊಂಡು ಬಂದ, ಹಿಂದೆ ಕಾಕಾ ಮೋಸಂಬಿ ಚೀಲ ಹಿಡಿದು ಬಂದ. ಇಬ್ಬರಿಗೂ ವಯಸ್ಸಾಗಿತ್ತು, ಮೆಟ್ಟಿಲು ಹತ್ತಿ ಇಬ್ಬರೂ ತೇಕುತ್ತಿದ್ದರು. ಮಂಚದ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತರು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಕಾಕಾ ಅವಳ ಕಾಲಿನ ಮೇಲೆ ಚಾದರ ಸರಿಮಾಡಿದ.

“ನಿನಗ ಏನ್ ಬೇಕು ತಂಗಿ?” ಅಂದ ಅಪ್ಪ. “ನಾಚಬ್ಯಾಡ, ಬಾಯಿ ಬಿಟ್ಟ ಹೇಳ. ಎಲ್ಲಿಂದರ ತರತೇವಿ.”

“ಹೌದವಾ, ಹೇಳ,” ಅಂದ ಕಾಕಾ.

ಅತ್ತಿ ಇಬ್ಬರನ್ನೂ ನೋಡಿದಳು. ಸೆರಗು ಹುಡುಕಿ ಬಾಯಿಗೆ ಹಿಡಿದುಕೊಂಡಳು. ನಗುತ್ತಿದ್ದಾಳೆ ಎಂದುಕೊಂಡು ಅವರಿಬ್ಬರೂ ನಕ್ಕರು.

“ಈಗೇನೂ ಬ್ಯಾಡ ಅಣ್ಣಾ,” ಅಂದಳು.